ಕುದಿಸಿದ ಅರ್ಧ

ಮೂರು ಗಂಟೆಗೆ ಮೇಲಿನ ಸಭಾಂಗಣದಲ್ಲಿ ಪ್ರೊಫೆಸರ್ ಅನಂತರಾಮರು ಹೊಸ ಹಾರ್ಮೋನೊಂದನ್ನು ಪ್ರಕಟಿಸುವವರಿದ್ದರು. ಅದು ನಿಜವೋ ಅಲ್ಲವೋ ಎನ್ನುವುದು ಅದಕ್ಕೂ ಮೊದಲೇ ಕೆಳಗಿನ ಯಂತ್ರದಲ್ಲಿ ತಿಳಿಯಲಿತ್ತು. ಇದು ಗೊತ್ತಿದ್ದದ್ದು ಧಾರಿಣಿಗೆ ಮಾತ್ರ.

ದೆಹಲಿಯ ಹೌಜ್ ಖಾಸ್‌ನ ಆ ಲ್ಯಾಬಿನಲ್ಲಿ ಅವಳು ಆಡಿನ ಮಿದುಳಿನೊಳಗೆ ಹಾರ್ಮೋನಿನಂಥ ಪೆಪ್ಟೈಡ್‌ಗಳನ್ನು, ಅಂದರೆ ಪ್ರೋಟೀನಿನ ಪುಟ್ಟ ತುಣುಕುಗಳನ್ನು, ಹುಡುಕುತ್ತಿದ್ದಳು. ಚಳಿಗಾಲದಲ್ಲೊಮ್ಮೆ, ಅಣುಗಳ ತೂಕ ಹೇಳುವ ಯಂತ್ರದ ಪರದೆಯಲ್ಲಿ ಯಾರೂ ಕಂಡಿರದ ಗೆರೆಯೊಂದು ಎದ್ದು ನಿಂತಿತು. ಅನಂತರಾಮರು ಹಿಗ್ಗಿಹೋದರು. ಅಲ್ಲೇ ನಾಮಕರಣ ಮಾಡಿ ಕಾಜು ಬರ್ಫಿ ಹಂಚಿದರು. ಹೆಸರು, ಧಾರಿಣಿನ್.

ಅವಳನ್ನು ಕೊರೆಯುತ್ತಿದ್ದದ್ದು ಒಂದೇ. ಪ್ರಾಣಿ ಸತ್ತ ಮೇಲೂ ಮಿದುಳಿನ ಕಿಣ್ವಗಳು ಸುಮ್ಮನಿರುವುದಿಲ್ಲ. ದೊಡ್ಡ ಪ್ರೋಟೀನುಗಳನ್ನು ಕತ್ತರಿಸುತ್ತಲೇ ಇರುತ್ತವೆ. ಆ ಮಿದುಳು ಓಖ್ಲಾದ ಮಾಂಸದಂಗಡಿಯಿಂದ ಆಟೋದಲ್ಲಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಕರಗುವ ಐಸಿನ ಮೇಲೆ ಬಂದಿತ್ತು. ಆ ಗೆರೆ ಹಾರ್ಮೋನೋ, ದಾರಿಯಲ್ಲಿ ಮುರಿದ ಚೂರೋ?

"ಮೊದಲು ಹೇಳಿಬಿಡೋಣ ಕಣಮ್ಮಾ. ಯಾರಾದರೂ ಕೇಳಿದರೆ ಆಮೇಲೆ ನೋಡಿದರಾಯಿತು" ಎಂದಿದ್ದರು ಸರ್.

ನಿನ್ನೆ ಬೆಳಗ್ಗೆ ಅವಳು ಯಾರಿಗೂ ಹೇಳದೆ ಸ್ಟವ್ವು, ಪಾತ್ರೆ ಹೊತ್ತು ಓಖ್ಲಾಕ್ಕೆ ಹೋದಳು. ಕಡಿದ ಕೂಡಲೇ ತೆಗೆದ ಮಿದುಳಿನ ಅರ್ಧವನ್ನು ಅಂಗಡಿಯ ಮುಂದೆಯೇ ಕುದಿಯುವ ನೀರಿಗೆ ಹಾಕಿದಳು. ಕುದಿದರೆ ಕಿಣ್ವಗಳ ಆಟ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧ ಎಂದಿನಂತೆ ಐಸಿನ ಡಬ್ಬಿಗೆ ಹೋಯಿತು.

"ಮೇಡಂಜೀ, ಭೇಜಾ ಫ್ರೈ ಇಲ್ಲೇ ಮಾಡ್ತೀರಾ? ಈರುಳ್ಳಿ ಹೆಚ್ಚಿಕೊಡಲಾ?" ಅಂಗಡಿಯವನು ನಕ್ಕ.

"ಉಪ್ಪೂ ಬೇಡ ಭಯ್ಯಾ" ಎಂದಳು, ಮೊಟ್ಟೆಯನ್ನೂ ಮುಟ್ಟದ ಧಾರಿಣಿ.

ಈಗ ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಏಳತೊಡಗಿದವು. ಆಟೋದಲ್ಲಿ ಬಂದ ಅರ್ಧದಲ್ಲಿ ಆ ಗೆರೆ ಎಂದಿಗಿಂತ ಎತ್ತರವಾಗಿತ್ತು. ಕುದಿಸಿದ್ದರಲ್ಲಿ ಆ ಜಾಗ ಬರಿದು.

"ಏನದು?" ಹಿಂದೆ ಅನಂತರಾಮರು ನಿಂತಿದ್ದರು, ಕೋಟು ತೊಟ್ಟು, ಕೈಯಲ್ಲಿ ಪೆನ್ ಡ್ರೈವ್ ಹಿಡಿದು.

ಅದು ದಾರಿಯಲ್ಲಿ ಮುರಿದ ಚೂರಷ್ಟೇ ಎಂದು ಅವಳು ಹೇಳಿದಳು. ಅವರ ಮುಖ ಕೆಂಪಾಯಿತು.

"ಕುದಿಸಿದ್ದಕ್ಕೇ ಹಾಳಾಗಿರುತ್ತೆ."

"ಕುದಿಸಿದ್ದರಲ್ಲೂ ಆಕ್ಸಿಟೋಸಿನ್ ಹಾರ್ಮೋನ್ ಹಾಗೇ ಇದೆ ಸರ್, ನೋಡಿ. ಅದೂ ಇದರಷ್ಟೇ ಚಿಕ್ಕದು."

ಅವರು ನೋಡಿದರು. ಮೇಲೆ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು.

"ನಿನ್ನ ಹೆಸರಿಟ್ಟಿದ್ದೆನಲ್ಲಮ್ಮಾ."

"ಅದಕ್ಕೇ ಸರ್."

ಅವರು ಪೆನ್ ಡ್ರೈವನ್ನು ಅವಳ ಮುಂದೆ ಕುಕ್ಕಿದರು. "ಹಾಗಿದ್ದರೆ ಅಚ್ಛಾ, ನೀನೇ ಹೋಗಿ ಹೇಳು."

ಅದು ಸಿಟ್ಟೋ ಒಪ್ಪಿಗೆಯೋ ಅವಳಿಗೆ ತಿಳಿಯಲಿಲ್ಲ. ಎರಡೂ ಅರ್ಧಗಳ ಚಿತ್ರಗಳನ್ನು ಪೆನ್ ಡ್ರೈವಿಗೆ ಸೇರಿಸಿಕೊಂಡು ಮೆಟ್ಟಿಲು ಹತ್ತಿದಳು. ಸಭಾಂಗಣ ತುಂಬಿತ್ತು. ಪರದೆಯ ಮೇಲೆ ದಪ್ಪಕ್ಷರದಲ್ಲಿ 'ಧಾರಿಣಿನ್' ಮೂಡಿತು. ಯಾರೋ ಚಪ್ಪಾಳೆ ಶುರುಮಾಡಿದರು. ಅದು ನಿಲ್ಲುವವರೆಗೆ ಕಾದಳು. ಕೊನೆಯ ಸಾಲಿನಲ್ಲಿ ಅನಂತರಾಮರು ಬಂದು ಕೂತದ್ದು ಕಂಡಿತು.

"ಈ ಹೆಸರಿನ ಹಾರ್ಮೋನ್ ಇಲ್ಲ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. "ಇದ್ದಂತೆ ನಮಗೇಕೆ ಕಂಡಿತು ಎನ್ನುವುದನ್ನು ತೋರಿಸುತ್ತೇನೆ."