ಗಾಜಿನ ಆಚೆ ಆಡಿದ ಮಾತು

ಅತ್ತೆ ಮನೆಯಲ್ಲಿದ್ದರೆ ಸೊಸೆಯಾದವಳು ದುಡಿಯಲು ಹೋದ ಎಂಟು ಗಂಟೆಯಾದರೂ ನೆಮ್ಮದಿಯಾಗಿ ಉಸಿರಾಡುತ್ತಾಳೆ. ನನಗೆ ಆ ಭಾಗ್ಯವೂ ಇರಲಿಲ್ಲ. ಗಿರಣಿಯಲ್ಲಿ ನನ್ನ ನಾಲ್ಕು ಮಗ್ಗಗಳ ಪಕ್ಕದ ನಾಲ್ಕು ಮಗ್ಗಗಳೇ ಅತ್ತೆಯವು. ಬೆಳಿಗ್ಗೆ ಒಲೆಯ ಮುಂದೆ ಶುರುವಾದ ತಗಾದೆ ಗಿರಣಿಯ ಗೇಟು ದಾಟಿ, ಮಗ್ಗದ ಸಾಲಿನಲ್ಲಿ ಬೆಳೆದು, ಸಂಜೆ ನನ್ನ ಜೊತೆಗೇ ಮನೆಗೆ ವಾಪಸಾಗುತ್ತಿತ್ತು.

ಇನ್ನೂರು ಮಗ್ಗ ಒಟ್ಟಿಗೆ ಬಡಿಯುವಾಗ ಜಗಳ ಆಡುವುದು ಹೇಗೆ ಅಂತೀರಾ? ಅಲ್ಲಿ ಯಾರೂ ಗಂಟಲು ಬಳಸುವುದಿಲ್ಲ. ತುಟಿಯನ್ನು ಅಗಲವಾಗಿ ಆಡಿಸುತ್ತೇವೆ, ಎದುರಿನವಳು ಓದಿಕೊಳ್ಳುತ್ತಾಳೆ. ಇದರಲ್ಲಿ ಅತ್ತೆಯನ್ನು ಮೀರಿಸಿದವರಿರಲಿಲ್ಲ. ಮೂಲೆಯಲ್ಲಿ ಮೇಸ್ತ್ರಿಯ ಗಾಜಿನ ಕೋಣೆ. ಅವನು ನೂಲಿನ ಗೋದಾಮಿನಿಂದ ಬಂದವನು, ತುಟಿ ಓದುವ ವಿದ್ಯೆ ತಿಳಿಯದೆ ಗಾಜನ್ನು ಗೋಡೆ ಅಂದುಕೊಂಡಿದ್ದ. ಬಾಗಿಲು ಹಾಕಿಕೊಂಡು ಅವನು ಆಡಿದ ಗುಟ್ಟೆಲ್ಲ ಊಟದ ಹೊತ್ತಿಗೆ ಅತ್ತೆಯ ಬಾಯಿಂದ ಊರೆಲ್ಲ ಹರಡಿರುತ್ತಿತ್ತು. ಹೆಂಗಸರು ಅವರಿಗೆ ಇಟ್ಟ ಹೆಸರೇ ರೇಡಿಯೋ. ಮನೆಗೆ ಬಂದರೂ ನಮ್ಮಿಬ್ಬರ ಈ ಚಾಳಿ ಹೋಗದು. ‘ಮೂಕಿ ಸಿನಿಮಾ ಶುರುವಾಯ್ತು’ ಎಂದು ನನ್ನ ಗಂಡ ಎದ್ದು ಜಗಲಿಗೆ ಹೋಗಿಬಿಡುತ್ತಿದ್ದ. ಗಿರಣಿಯಲ್ಲಿ ಅವನಿದ್ದ ಬಣ್ಣದ ವಿಭಾಗ ಮುಚ್ಚಿದ ಮೇಲೆ ಆ ಮಹಾರಾಯನಿಗೆ ಜಗಲಿಯೇ ಕೆಲಸವಾಗಿತ್ತು. ಮಕ್ಕಳ ಹೊಟ್ಟೆ ತುಂಬುತ್ತಿದ್ದದ್ದು ನಮ್ಮಿಬ್ಬರ ಮಗ್ಗಗಳಿಂದ.

ಹೋದ ವರ್ಷದಿಂದ ರೇಡಿಯೋ ತಪ್ಪು ಸುದ್ದಿ ಹೇಳತೊಡಗಿತು. ಶನಿವಾರ ರಜೆ ಎಂದರು, ನಂಬಿ ಮನೆಯಲ್ಲುಳಿದ ಮೂವರು ಬೈಸಿಕೊಂಡರು. ಆಮೇಲೆ ಒಂದು ದಿನ ಅವರ ಮಗ್ಗದಲ್ಲಿ ಹರಿದ ಎಳೆಯೊಂದು ಹಾಗೇ ನೇತಾಡುತ್ತಿದ್ದುದನ್ನು ಕಂಡೆ. ಅತ್ತೆ ಅದರ ಮುಂದೆಯೇ ನಿಂತಿದ್ದರು. ನಮ್ಮವು ಹಳೆಯ ಮಗ್ಗಗಳು, ಉದ್ದಕ್ಕೆ ಹಾಸಿದ ಎಳೆ ಹರಿದರೆ ತಾವಾಗಿ ನಿಲ್ಲುವುದಿಲ್ಲ. ನೇಯುವವಳೇ ನೋಡಿ, ಮಗ್ಗ ನಿಲ್ಲಿಸಿ, ಗಂಟು ಹಾಕಬೇಕು. ಇಲ್ಲದಿದ್ದರೆ ಬಟ್ಟೆಯುದ್ದಕ್ಕೂ ಗೆರೆ ಬೀಳುತ್ತದೆ.

“ಕಣ್ಣಿಗೆ ಪೊರೆ ಬಂದಿದೆ ಅತ್ತೆ, ಡಾಕ್ಟರಿಗೆ ತೋರಿಸೋಣ,” ಅಂದೆ.

“ಗಿರಣಿ ಡಾಕ್ಟರಿಗೆ ತೋರಿಸಿದ್ರೆ ಚೀಟಿ ಮೇಸ್ತ್ರಿಗೆ ಹೋಗುತ್ತೆ. ಚೀಟಿ ಹೋದ್ರೆ ಮಗ್ಗ ಬಿಡಿಸಿ ನನ್ನ ಕೈಗೆ ಪೊರಕೆ ಕೊಡ್ತಾರೆ. ನಿನಗೆ ಅದೇ ಬೇಕು ತಾನೆ?”

“ಕಾಣದಿದ್ರೆ ನೇಯೋದು ಹೇಗೆ?”

“ಯಾರಿಗೆ ಕಾಣಲ್ಲ? ನಿನ್ನ ಮೂತಿ ಮೇಲಿನ ಸಿಡುಕು ಇಲ್ಲಿಂದಲೇ ಕಾಣ್ತಿದೆ.”

ಎರಡು ದಿನ ಮಾತು ಬಿಟ್ಟರು. ತುಟಿ ಕೂಡ ಅಲ್ಲಾಡಿಸಲಿಲ್ಲ.

ಹಾಳಾಗಿ ಹೋಗಲಿ ಎಂದು ಸುಮ್ಮನಿರಬೇಕಿತ್ತು. ನನ್ನ ಹಣೆಬರಹ, ಇರಲಾಗಲಿಲ್ಲ. ಅತ್ತೆ ಲಾಳಿಗೆ ನೂಲು ಹಾಕಲು ಆ ಕಡೆ ತಿರುಗಿದಾಗ ಕಳ್ಳಿಯಂತೆ ಈ ಕಡೆಯಿಂದ ನುಗ್ಗಿ, ಹರಿದ ಎಳೆಗೆ ಗಂಟು ಹಾಕಿ ಓಡಿಬರುತ್ತಿದ್ದೆ. ಅಷ್ಟರಲ್ಲಿ ನನ್ನ ಮಗ್ಗದಲ್ಲೊಂದು ಎಳೆ ಹರಿದಿರುತ್ತಿತ್ತು. ಎಂಟು ಮಗ್ಗ, ಎರಡು ಕಣ್ಣು. ಅತ್ತೆಯ ಬಟ್ಟೆ ತಪಾಸಣೆಯಲ್ಲಿ ಒಂದು ಕಪ್ಪುಚುಕ್ಕೆಯಿಲ್ಲದೆ ಪಾಸಾಗುತ್ತಿತ್ತು, ನನ್ನದು ವಾಪಸು ಬರುತ್ತಿತ್ತು. ತಪ್ಪು ಸಿಕ್ಕ ಬಟ್ಟೆಯ ಸುರುಳಿಯನ್ನು, ಆ ಇಡೀ ಥಾನನ್ನು, ನೇಯ್ದವಳ ಮಗ್ಗದ ಮುಂದೆ ಎಲ್ಲರಿಗೂ ಕಾಣುವಂತೆ ತಂದು ಹಾಕುವುದು ನಮ್ಮ ಗಿರಣಿಯ ಪದ್ಧತಿ. ಮೂರು ಸಲ ಬಂದರೆ ಕೆಲಸ ಹೋಯಿತು. ನನಗೆ ಎರಡು ಬಂದಿದ್ದವು. ಎರಡು ಸಲವೂ ಅತ್ತೆ, “ಕಸುಬು ರಕ್ತದಲ್ಲಿ ಇರಬೇಕು ಕಣೇ,” ಎಂದು ನಾಲ್ಕು ಜನರೆದುರು ತುಟಿ ಆಡಿಸಿದರು. ಆಗ ನನ್ನ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡಲು ಎಷ್ಟು ಸಂಯಮ ಬೇಕಾಯಿತೆಂದು ನನಗೇ ಗೊತ್ತು.

ಆ ಶುಕ್ರವಾರ ತಪಾಸಣೆಯವನು ಗಾಜಿನ ಕೋಣೆಗೆ ಹೋದ. ಮೇಸ್ತ್ರಿಯ ತುಟಿ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. “ಅತ್ತೆ ಕೆಲಸ ನೋಡು, ಒಂದು ತಪ್ಪಿಲ್ಲ. ಸೊಸೆದು ಇದು ಮೂರನೇ ಥಾನು. ಸೋಮವಾರದಿಂದ ಬರಬೇಡ ಅಂದ್ಬಿಡ್ತೀನಿ.”

ಸಾಲಿನ ಹೆಂಗಸರೆಲ್ಲ ಓದಿದರು, ಓದಿ ತಮ್ಮ ಮಗ್ಗದ ಕಡೆ ತಿರುಗಿಕೊಂಡರು. ಅತ್ತೆಗೆ ಮಾತ್ರ ಅಷ್ಟು ದೂರ ಕಾಣಲಿಲ್ಲ. ನನ್ನ ಹತ್ತಿರ ಬಂದು, “ಏನಂತೆ?” ಅಂದರು. ಇವತ್ತು ಹೇಳಿಯೇಬಿಡುತ್ತೇನೆ ಅಂದುಕೊಂಡೆ. ನಿಮ್ಮ ಒಣ ಜಂಬಕ್ಕೆ ನನ್ನ ಮಕ್ಕಳ ಅನ್ನ ಹೋಯಿತು ಎಂದು ಮುಖದ ಮೇಲೆ ಹೇಳಬೇಕು. ಬಾಯಿ ತೆರೆದೆ. “ಮೇಸ್ತ್ರಿ ಮಗಳಿಗೆ ಗಂಡು ಗೊತ್ತಾಯ್ತಂತೆ,” ಎಂದು ಬಂತು.

ಅಷ್ಟರಲ್ಲಿ ಥಾನು ಬಂದು ನನ್ನ ಮಗ್ಗದ ಮುಂದೆ ಬಿತ್ತು. ಅತ್ತೆ ಬಗ್ಗಿ ಬಟ್ಟೆಯ ಮೇಲೆ ಬೆರಳು ಎಳೆದರು. ಗೆರೆ ಸಿಕ್ಕ ಕಡೆ ಬೆರಳು ನಿಂತಿತು. “ಮೂರನೇದಾ?” ಎಂದರು. ನಾನು ತಲೆಯಾಡಿಸಿದೆ.

“ನಮ್ಮ ವಂಶದಲ್ಲಿ ಇಂಥ ಬಟ್ಟೆ ಯಾರೂ ನೇಯ್ದಿರಲಿಲ್ಲ,” ಎಂದವರೇ ತಮ್ಮ ನಾಲ್ಕು ಮಗ್ಗಗಳನ್ನು ಒಂದೊಂದಾಗಿ ನಿಲ್ಲಿಸಿ ಗಾಜಿನ ಕೋಣೆಯ ಕಡೆ ನಡೆದರು. ದೂರು ಹೇಳಲು ಹೋಗುತ್ತಿದ್ದಾರೆ, ಉರಿಯುವ ಬೆಂಕಿಗೆ ತುಪ್ಪ ಸುರಿಯಲು, ಎಂದು ನನಗೆ ಮೈಯೆಲ್ಲ ಉರಿದುಹೋಯಿತು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಜೀವಮಾನವೆಲ್ಲ ಆ ಗಾಜಿನಲ್ಲಿ ಬೇರೆಯವರ ಮಾತು ಓದಿದವರಿಗೆ, ತಮ್ಮ ಮಾತನ್ನೂ ಯಾರಾದರೂ ಓದಿಯಾರು ಎಂಬುದು ಹೊಳೆಯಲೇ ಇಲ್ಲ. ಅದೂ ಮಗ್ಗದ ಮನೆಯ ಅಭ್ಯಾಸದಲ್ಲಿ, ಅಕ್ಷರಕ್ಕೊಂದು ಸಲ ಬಾಯಿ ಅಗಲಿಸಿ ಮಾತಾಡಿದರು.

“ನನ್ನ ಬಟ್ಟೆ ಚೆನ್ನಾಗಿದೆ ಅಂತೀಯಲ್ಲಪ್ಪಾ, ಅದು ಅವಳ ಕೈ. ನನಗೆ ಕಣ್ಣು ಕಾಣಲ್ಲ. ಒಂದು ವರ್ಷದಿಂದ ಎಂಟು ಮಗ್ಗನೂ ಅವಳೇ ನೋಡ್ತಿದಾಳೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ, ಪೆದ್ದಿ. ನಾನು ಹಾಕಿದ ಗಂಟು ಯಾವುದು, ಅವಳು ಹಾಕಿದ್ದು ಯಾವುದು ಅಂತ ನನ್ನ ಬೆರಳಿಗೆ ಗೊತ್ತಾಗಲ್ವಾ? ಅವಳನ್ನ ತೆಗೀಬೇಡ. ನನಗೆ ಪೊರಕೆ ಕೊಡು.”

ಗೊತ್ತಿತ್ತು! ಒಂದು ವರ್ಷ ನಾನು ನಾಯಿಯ ಹಾಗೆ ಓಡಾಡಿದ್ದು ಗೊತ್ತಿದ್ದೂ ಒಂದು ದಿನ ಸಾಕು ಅನ್ನಲಿಲ್ಲ. ಮೇಲಿಂದ ಕಸುಬು ರಕ್ತದಲ್ಲಿರಬೇಕಂತೆ. ಎದುರು ಸಾಲಿನವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಅತ್ತೆ ಹೊರಗೆ ಬಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ತಲೆಯೆತ್ತಿಕೊಂಡೇ ಬಂದು ನನ್ನೆದುರು ನಿಂತರು.

“ನಿನ್ನ ಕೆಲಸ ಸರಿಯಿಲ್ಲ ಅಂತ ಹೇಳಿ ಬಂದೆ,” ಅಂದರು. “ಇದೊಂದು ಸಲ ಬಿಟ್ಟಿದಾನೆ. ನಾನು ಸೋಮವಾರದಿಂದ ಗುಡಿಸೋ ಕಡೆ ಹೋಗ್ತೀನಿ. ನಿನ್ನ ಪಕ್ಕ ನಿಂತು ನಿಂತು ನನಗೂ ಸಾಕಾಗಿದೆ.”

“ನನಗೂ ಸಾಕಾಗಿದೆ ಅತ್ತೆ,” ಅಂದೆ. ನಾನು ಅಳುತ್ತಿದ್ದದ್ದು ಅವರ ಕಣ್ಣಿಗೆ ಕಾಣಲಿಲ್ಲ.