ಮೂರನೆಯ ಪಾಲಿನ ಭಂಡಾರ

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಈಗ ಹೇಳಿದರೆ ಯಾರಿಗೇನು ನಷ್ಟ? ದುಂಡೇಶ ಅಂತ. ವಾರವಿಡೀ ಹುಕ್ಕೇರಿಯ ಗ್ಯಾರೇಜಿನಲ್ಲಿ ದುಡಿದು ಶನಿವಾರ ಕೊಣ್ಣೂರಿಗೆ ಬಂದನೆಂದರೆ, ಹೆಂಡತಿಯ ಮುಖಕ್ಕಿಂತ ಮೊದಲು ಕುದುರೆಯ ಮುಖ ನೋಡಬೇಕು ಅವನಿಗೆ. ಹಿಂದೆ ನಮ್ಮವರು ಕುರಿ ಹಿಂಡಿನ ಜೊತೆ ಊರೂರು ತಿರುಗುವಾಗ ಗಂಟುಮೂಟೆ ಹೊರಲು ಕುದುರೆ ಸಾಕುತ್ತಿದ್ದರು. ಅವುಗಳಲ್ಲಿ ಉಳಿದದ್ದು ಇದೊಂದೇ, ಬಿಜಲಿ. ಹೆಸರಿಗೆ ಮಿಂಚು, ನಡಿಗೆ ಮಾತ್ರ ತುಂಬಿದ ಬಸುರಿಯದು.

ಮಳೆ ನಿಂತು ಘಟಪ್ರಭೆಯ ನೀರು ತಿಳಿಯಾದ ಮೇಲಿನ ರವಿವಾರಗಳೆಂದರೆ ನಮಗೆ ಹಬ್ಬ. ಬಿಜಲಿಯ ಬೆನ್ನಿಗೆ ತನ್ನ ಕರಿಕಂಬಳಿ ಹಾಸಿ, ಮಗಳು ಮೇಘಾಳನ್ನು ಮುಂದೆ ಕೂರಿಸಿಕೊಂಡು ಅವನು ಹೊಳೆದಂಡೆಗೆ ಹೊರಡುತ್ತಿದ್ದ. ಅತ್ತೆ ಯಲ್ಲಕ್ಕ ಮತ್ತು ನಾನು ಬುತ್ತಿ ಹೊತ್ತು ಹಿಂದೆ.

"ಮಹಾರಾಜರು ಮುಂದ ನಡೀರಿ, ಆಳುಗೋಳು ಬರ್ತೇವಿ" ಎಂದು ನಾನು ಕಿಚಾಯಿಸಿದರೆ, "ನೀನೂ ಹತ್ತ ಬಾ, ಕುದುರಿ ಸತ್ತರ ಸಾಯಲಿ" ಎಂದು ನಗುತ್ತಿದ್ದ.

ನವರಾತ್ರಿ ಬಂತೆಂದರೆ ಮಾವ ಮಾಲಿಂಗಪ್ಪ ಗುಡ್ಡದ ಮೇಲಿನ ಬೀರಪ್ಪನ ಗುಡಿಯಲ್ಲಿ ಘಟಕ್ಕೆ ಕೂಡುತ್ತಾರೆ. ದಸರೆಯವರೆಗೆ ಹೊಸ್ತಿಲು ದಾಟುವಂತಿಲ್ಲ, ಬಾಯಿ ಬಿಡುವಂತಿಲ್ಲ. ಹಾಲು ಹಣ್ಣಷ್ಟೇ ಆಹಾರ. ದೀಪ ಆರದಂತೆ ಕಾಯುತ್ತ ಕೂಡಬೇಕು. ರವಿವಾರದ ಹಾಲನ್ನು ಕುದುರೆಯ ಮೇಲೆ ಒಯ್ಯುವುದು ಮಗನ ಪಾಳಿ. ಮಾವ ಹೊಸ್ತಿಲೊಳಗೇ ನಿಂತು ಕೈ ಚಾಚಿ ಮೊಮ್ಮಗಳಿಗೆ, ಬಿಜಲಿಗೆ, ಕೊನೆಗೆ ಮಗನಿಗೆ ಹಣೆಗೆ ದೇವರ ಅರಿಶಿನದ ಭಂಡಾರ ಹಚ್ಚುತ್ತಿದ್ದರು.

ಈ ಸಲ ಘಟ ಹಾಕಿದ ಮೇಲಿನ ಶನಿವಾರ ಅವನು ಬೈಕಿನ ಮೇಲೆ ಹುಕ್ಕೇರಿಯಿಂದ ಹೊರಟ. ತಿರುವಿನಲ್ಲಿ ಕೆಟ್ಟು ನಿಂತಿದ್ದ ಟ್ರೇಲರ್ ಕಾಣಲಿಲ್ಲ. ಸಂಜೆ ಗೋಕಾಕದ ದವಾಖಾನೆಯಿಂದ ಹೆಣ ಮನೆಗೆ ಬಂತು.

"ಮಾವಾರನ್ನ ಕರಕೊಂಡು ಬರ್ರಿ" ಎಂದೆ. "ಮಗನ ಮಾರಿ ಒಮ್ಮೆ ನೋಡ್ಲಿ."

ಮಾವನ ತಮ್ಮ ಕೆಂಚಪ್ಪ ಒಪ್ಪಲಿಲ್ಲ. "ಘಟಕ್ಕ ಕುಂತಾಂವನ ಕಿವಿಗೆ ಸಾವಿನ ಸುದ್ದಿ ಬೀಳಬಾರದವಾ. ಕೇಳಿದ ಮ್ಯಾಲ ಸೂತಕ. ಕೇಳೂಮಟ ಇಲ್ಲ. ನಡುವ ಎದ್ದರ ದೀಪ ಆರತೈತಿ, ಇಡೀ ಊರಿಗೆ ಕೇಡು."

"ನನ್ನ ದೀಪ ಆರಿದ್ದು ಯಾರಿಗೂ ಕೇಡಲ್ಲೇನ್ರಿ?"

ಗುಡ್ಡಕ್ಕೆ ಕೇಳಿಸೀತೆಂದು ಗಟ್ಟಿಯಾಗಿ ಅಳಲೂ ಬಿಡಲಿಲ್ಲ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ರವಿವಾರ ಬೆಳಿಗ್ಗೆ ಹೊಲದ ಬದುವಿನಲ್ಲಿ ಅವನನ್ನು ಮಣ್ಣು ಮಾಡಿದೆವು. ನಮ್ಮ ಮನೆತನದಲ್ಲಿ ಗಂಡಸಿನ ಕಂಬಳಿ ಅವನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಮದುವೆಯಲ್ಲಿ ಮಾವನೇ ನೇಯಿಸಿ ಹೊದಿಸಿದ್ದ ಕರಿಕಂಬಳಿ ಅದು, ಅದರಲ್ಲೇ ಸುತ್ತಿ ಮಲಗಿಸಿದರು. ನನ್ನ ಬಳೆ ಒಡೆದರು.

ಮಧ್ಯಾಹ್ನ ಕೆಂಚಪ್ಪ ಹಸಿರು ಬಳೆ ಹಿಡಿದು ಬಂದು ನನ್ನೆದುರು ತಲೆ ತಗ್ಗಿಸಿ ನಿಂತ. ರವಿವಾರ ಕುದುರೆ ಹೋಗದಿದ್ದರೆ ಅಣ್ಣನಿಗೆ ಸಂಶಯ ಬರುತ್ತದಂತೆ. "ಇವನ್ನ ಹಾಕ್ಕೊಂಡು ಹಾಲು ಮುಟ್ಟಿಸಿ ಬಾರವಾ. ಗಂಡಗ ಗ್ಯಾರೇಜಿನಾಗ ಬಿಡುವಿಲ್ಲ ಅನ್ನು. ಅವಗ ತಿಳಿಯದ ಸೂತಕ ಅವಗ ತಟ್ಟೂದಿಲ್ಲ."

ಬೆಳಿಗ್ಗೆ ಒಡೆದ ಕೈಗೆ ಮಧ್ಯಾಹ್ನ ಬಳೆ! ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಆದರೆ ಅತ್ತೆ ನನ್ನ ಕಾಲು ಹಿಡಿಯಲು ಬಾಗಿದಳು. ತೊಟ್ಟೆ. ಕುಂಕುಮವನ್ನೂ ಇಟ್ಟುಕೊಂಡೆ.

ಮೇಘಾಳನ್ನು ಕುದುರೆಯ ಮೇಲೆ ಕೂರಿಸಿ, ಹಗ್ಗ ಹಿಡಿದು ಗುಡ್ಡ ಹತ್ತಿದೆ. ದಾರಿಯುದ್ದಕ್ಕೂ ಅವಳಿಗೆ ಸುಳ್ಳು ಹೇಳಿಕೊಟ್ಟೆ. ಮಾವ ಹೊಸ್ತಿಲೊಳಗೆ ಕಾಯುತ್ತಿದ್ದರು.

"ಅಪ್ಪಗ ಬಿಡುವಿಲ್ಲಂತ ಅಜ್ಜಾ" ಎಂದಳು ಮೇಘಾ, ನನ್ನ ಮುಖ ನೋಡುತ್ತ.

ಮಾವ ಅವಳ ಹಣೆಗೆ ಭಂಡಾರ ಹಚ್ಚಿದರು. ಬಿಜಲಿಯ ಹಣೆಗೆ ಹಚ್ಚಿ, ಅದರ ಬೆನ್ನು ಸವರಿದರು. ಕೈ ಅಲ್ಲೇ ನಿಂತಿತು. ಬೆನ್ನ ಮೇಲಿದ್ದದ್ದು ಮನೆಯ ಹೂವಿನ ಚಾದರ. ಬಳೆ, ಕುಂಕುಮ, ಸುಳ್ಳು ಎಲ್ಲವನ್ನೂ ಹೊಂದಿಸಿದ್ದ ನಮಗೆ ಇದೊಂದು ಹೊಳೆದಿರಲೇ ಇಲ್ಲ. ಅವರು ನನ್ನನ್ನು ನೋಡಲಿಲ್ಲ. ಅಂಗೈಯಲ್ಲಿ ಉಳಿದಿದ್ದ ಭಂಡಾರವನ್ನು ಧೋತರದ ಚುಂಗಿಗೆ ಕಟ್ಟಿಕೊಂಡು, ಒಳಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿದರು. ಗೊತ್ತಾಗಲಿಲ್ಲವೇನೋ ಎಂದುಕೊಂಡೆ. ಗೊತ್ತಾಗಬಾರದಿತ್ತೇ ಎಂದು ಸಿಟ್ಟೂ ಬಂತು.

ದಸರೆಯ ದಿನ ಊರವರು ಬನ್ನಿ ಮುಡಿಯಲು ಹೊರಟಾಗ ಮಾವ ಗುಡ್ಡ ಇಳಿದರು. ಮನೆಗೆ ಬರಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ನೇರ ಹೊಲದ ಬದುವಿಗೆ ನಡೆದು ಹೊಸ ಮಣ್ಣಿನ ಪಕ್ಕ ಕೂತರು. ನಾನು ಓಡುತ್ತ ಹೋದೆ.

"ಆವತ್ತ ಕಂಬಳಿ ಕಾಣಲಿಲ್ಲವಾ" ಎಂದರು. ಬಹಳ ದಿನ ಮಾತಾಡದ ಗಂಟಲು ಒಡೆದಿತ್ತು. "ಕೇಳೂಮಟ ಸೂತಕ ಇಲ್ಲ. ಯಾರೂ ಹೇಳೂಮಟ ನನ್ನ ಮಗ ಇದ್ದ. ಅಷ್ಟ ದಿನಾ ಇರಲಿ ಅಂತ ಸುಮ್ಮನ ಕುಂತೆ."

ಚುಂಗು ಬಿಚ್ಚಿ ಭಂಡಾರವನ್ನು ಅಂಗೈಗೆ ಸುರಿದುಕೊಂಡರು.

"ಈಗ ನೀ ಹೇಳು."

ಹೇಳಲೇಬೇಕೆಂದು ಊರಿನೆದುರು ಜಗಳಕ್ಕೆ ನಿಂತವಳು ನಾನೇ. ಈಗ ನಾಲಿಗೆ ಏಳಲಿಲ್ಲ. ನಾನು ಸುಮ್ಮನಿದ್ದಷ್ಟು ಹೊತ್ತು ಅವರಿಗೆ ಮಗ ಇರುತ್ತಿದ್ದ. ಆದರೆ ಅಂಗೈ ಹಾಗೇ ಕಾಯುತ್ತಿತ್ತು.

ಅವರೆದುರು ಎಂದೂ ಎತ್ತದ ಹೆಸರನ್ನು ಆವತ್ತು ಎತ್ತಿದೆ.

"ಮಾವಾರ, ದುಂಡೇಶ ಇಲ್ಲರಿ."

ಅವರು ಭಂಡಾರವನ್ನು ಮಣ್ಣಿಗೆ ಹಚ್ಚಿದರು. ಆಮೇಲೆ ತಲೆಯ ರುಮಾಲು ತೆಗೆದಿಟ್ಟು, ಊರಿಗೆಲ್ಲ ಕೇಳುವಂತೆ ಅತ್ತರು.