ಹೊಕ್ಕುಳಬಳ್ಳಿಯ ತಾಯಿತ

ಮೆಟ್ಟಿಲ ಮೇಲೆ ದಿನೇಶನ ಕಾಲಸಪ್ಪಳ ನಿಂತಿತು, ನಡುವೆಯೇ ನಿಂತಿತು, ಉಸಿರು ಎಳೆದುಕೊಳ್ಳುತ್ತಿದ್ದಾನೆ ನನ್ನ ಮಗ, ಕೂಗಬಾರದು, ಕೂಗಿದರೆ ರೇಗುತ್ತಾನೆ, ಏನಮ್ಮ, ನನ್ನನ್ನ ಮುದುಕನ್ನ ಮಾಡ್ಬಿಟ್ಟೆ ಅಂತ — ಹುರುಳಿಕಾಯಿ ನಾರು ಬಿಡಿಸುತ್ತಿದ್ದ ಕೈ ನಿಂತಿದೆ, ಹಾಂ, ಮತ್ತೆ ಹತ್ತಿದ. ಇನ್ನೂ ಹೆಣ್ಣು ನೋಡಬೇಕಾದ ಹುಡುಗ, ನನ್ನನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಉತ್ತರಹಳ್ಳಿಯಿಂದ ಬನಶಂಕರಿ ಗುಡಿಯ ತನಕ ತುಳಿಯುತ್ತಿದ್ದವನು, ಒಂದು ಜ್ವರ ಬಂತು, ಹೋಗುವಾಗ ಎದೆಯ ಬಲವನ್ನೂ ಒಯ್ದಿತು. ಹಾರ್ಟ್ ಊದಿದೆ ಅಮ್ಮ, ಪಂಪ್ ಮಾಡೋ ಶಕ್ತಿ ಕಮ್ಮಿ, ಅಂದರು ಜಯನಗರದ ಡಾಕ್ಟರು, ಇವರದೇ ಸೊಂಟದ ಮೂಳೆಯಿಂದ ಸ್ಟೆಮ್ ಸೆಲ್, ಅಂದ್ರೆ ಹೊಸ ಜೀವಕೋಶ ಬೆಳೆಸೋ ಮೂಲ ಕಣ, ತೆಗೆದು ಹಾರ್ಟಿಗೆ ಬಿಡೋದು ಅಂತ ಇದೆ, ಆದ್ರೆ ಅದಿನ್ನೂ ಪ್ರಯೋಗ, ಗ್ಯಾರಂಟಿ ಇಲ್ಲ, ತೊಂದ್ರೇನೂ ಆಗ್ಬಹುದು. ದಿನೇಶ ನಕ್ಕುಬಿಟ್ಟ, ನಾನೇನು ಲ್ಯಾಬಿನ ಇಲೀನಾ ಸಾರ್, ಬೇಡ. ಬೇಡ ಅಂದರೆ ಬೇಡವೇ. ಆಮೇಲೆ ನಮ್ಮ ಮೇಲಿನ ಮಹಡಿಯ ಬಾಡಿಗೆಯ ಹುಡುಗಿ, ಹುಬ್ಬಳ್ಳಿಯ ಮಧುಮತಿ, ಪೇಪರ್ ಹಿಡಿದು ಇಳಿದು ಬಂದಳು, ಆಂಟಿ ಇಲ್ನೋಡ್ರಿ, ಹೊಕ್ಕಳಬಳ್ಳಿ ರಕ್ತದಾಗೂ ಸ್ಟೆಮ್ ಸೆಲ್ ಇರ್ತಾವಂತ, ಕೂಸು ಹುಟ್ಟಿದಾಗ ತಗದಿಡ್ತಾರಂತ್ರಿ — ನಾವೂ ತೆಗೆದಿಟ್ಟಿದ್ದೀವಲ್ಲ, ಅತ್ತೆ ಇವನ ಹೊಕ್ಕುಳಬಳ್ಳಿ ಒಣಗಿಸಿ ಬೆಳ್ಳಿ ತಾಯಿತದಲ್ಲಿ ತುಂಬಿ ಉಡಿದಾರಕ್ಕೆ ಕಟ್ಟಿದ್ದರು, ಈಗಲೂ ದೇವರ ಗೂಡಿನಲ್ಲಿದೆ, ಮೂಳೆಗೆ ಸೂಜಿ ಯಾಕೆ, ಇದೂ ಅವನದೇ ಅಲ್ಲವೇ, ಅವನನ್ನು ಎಳೆದುಕೊಂಡು ಹೋಗಿ ತಾಯಿತವನ್ನು ಡಾಕ್ಟರ ಮುಂದೆ ಇಟ್ಟೆ. ಅವರು ನಗಲಿಲ್ಲ. ಮೆಲ್ಲಗೆ ಮುಚ್ಚಳ ತಿರುಗಿಸಿದರು, ಅಮ್ಮ, ಹುಟ್ಟಿದ ತಕ್ಷಣ ರಕ್ತಾನ ಕೋಲ್ಡಲ್ಲಿ ಇಡ್ಬೇಕಿತ್ತು, ಒಣಗಿದ್ರಲ್ಲಿ ಜೀವ ಇರಲ್ಲ, ಅನ್ನುವಷ್ಟರಲ್ಲಿ ಕಂದು ಪುಡಿ ಮೇಜಿನ ಗಾಜಿನ ಮೇಲೆ ಉದುರಿತು, ಮೇಲೆ ಫ್ಯಾನು ತಿರುಗುತ್ತಿತ್ತು, ಅರ್ಧ ಹಾರಿಹೋಯಿತು, ನನಗೆ ಅಳು ತಡೆಯಲಾಗಲಿಲ್ಲ. ಅಳ್ಬೇಡಮ್ಮ, ಮಾಡಿಸ್ಕೊತೀನಿ ಬಿಡು, ಯಾವತ್ತು ಬರ್ಲಿ ಸಾರ್, ಅಂದ ದಿನೇಶ. ನಾಳೆ ಬೆಳಿಗ್ಗೆ ಹೋಗಬೇಕು. ವಾಸಿಯಾಗಬೇಕೆಂದು ಒಪ್ಪಿದನೋ, ನನ್ನ ಕಣ್ಣೀರಿಗೆ ಒಪ್ಪಿದನೋ, ಕೇಳಲಿಲ್ಲ, ಕೇಳಲು ಭಯ, ಈಗಲೂ ನಾನು ಬೇಡ ಕಣೋ ಅನ್ನಬಹುದು, ಅಂದರೆ ಆಮೇಲೆ, ಅನ್ನದಿದ್ದರೆ ಆಮೇಲೆ — ಸಾರಿಗೆ ಉಪ್ಪು ಹಾಕಿದೆನಾ, ಏನು ಮಾಡಹೋದರೂ ಕಣ್ಣ ಮುಂದೆ ಅದೇ, ಗಾಜಿನ ಮೇಲೆ ಅವನ ಬೆರಳು, ಉಳಿದ ಪುಡಿಯನ್ನು ಒತ್ತಿ ಒತ್ತಿ ಎತ್ತುತ್ತಿರುವ ಅವನ ಬೆರಳು